ಚಿನ್ನದ ವಯಸ್ಸು ಮತ್ತು ಮಣ್ಣಿನ ಸಾಕ್ಷ್ಯ

ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಮಳಿಗೆಯೊಂದಕ್ಕೆ ಪಾಯ ತೋಡುವಾಗ ಕೂಲಿಯಾಳಿನ ಗುದ್ದಲಿಗೆ ಚಿನ್ನದ ಸಣ್ಣ ಒಡವೆಯೊಂದು ಸಿಕ್ಕಿತೆಂದು ಭಾವಿಸೋಣ. ಅದು ಮೊದಲು ಸೇರುವುದು ಎಲ್ಲಿಗೆ? ಅಕ್ಕಸಾಲಿಗನ ಒರೆಗಲ್ಲಿಗೆ, ಅಲ್ಲಿಂದ ಮೂಸೆಗೆ. ಒರೆಗಲ್ಲು ಬಣ್ಣವನ್ನು ಹೇಳೀತು, ತಕ್ಕಡಿ ತೂಕವನ್ನು ಹೇಳೀತು. ಅದನ್ನು ಧರಿಸಿದವರು ಯಾವ ಕಾಲದವರೆಂಬುದನ್ನು ಇವೆರಡೂ ಹೇಳಲಾರವು.

ಇದು ಕೇವಲ ಕಲ್ಪನೆಯ ಮಾತೆಂದು ಯಾರೂ ತಳ್ಳಿಹಾಕಕೂಡದು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಡಾ. ಎಂ. ಎಸ್. ನಾಗರಾಜರಾಯರು 1963ರಿಂದ 1965ರ ವರೆಗೆ ನಡೆಸಿದ ಉತ್ಖನನದಲ್ಲಿ, ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಜನರ ನೆಲೆಯಲ್ಲಿಯೇ ಚಿನ್ನದ ಆಭರಣವು ದೊರೆಯಿತು. ಅದಕ್ಕೆ ಸುಮಾರು ಮೂರೂವರೆ ಸಾವಿರ ವರ್ಷಗಳಾಗಿವೆ. ನಮ್ಮ ಸೀಮೆಯೂ ಪ್ರಾಚೀನತೆಯಲ್ಲಿ ಹಿಂದುಳಿದುದಲ್ಲ. ಹೊಸನಗರ ತಾಲ್ಲೂಕಿನ ನಿಲಸ್ಕಲ್ಲು, ಬೈಸೆಗಳಲ್ಲಿ ಬೃಹತ್‌ಶಿಲೆಗಳು ಇಂದಿಗೂ ನಿಂತಿವೆ. ತುಂಗಭದ್ರೆಯ ದಡದ ಹಳ್ಳೂರು ಇಲ್ಲಿಗೆ ಬಹು ದೂರವೇನೂ ಅಲ್ಲ.

ಇಂತಹ ಒಡವೆಯ ಕಾಲವನ್ನು ನಿರ್ಣಯಿಸುವ ಬಗೆ ಯಾವುದು? ಚಿನ್ನಕ್ಕೆ ತುಕ್ಕು ಹಿಡಿಯದು. ಸಾವಿರಾರು ವರ್ಷಗಳ ಬಳಿಕವೂ ಅದು ನಿನ್ನೆ ಮಾಡಿದಂತೆ ಹೊಳೆಯುತ್ತದೆ. ಇಂಗಾಲದ ಪರೀಕ್ಷೆಯು 1949ರಲ್ಲಿ ಪ್ರಕಟವಾದಂದಿನಿಂದ ಪುರಾತತ್ತ್ವಕ್ಕೆ ಮಹೋಪಕಾರವಾಗಿದೆಯಾದರೂ ಅದು ನಡೆಯುವುದು ಇದ್ದಲು, ಮೂಳೆ, ಕಾಳುಗಳ ಮೇಲೆಯೇ ಹೊರತು ಚಿನ್ನದ ಮೇಲಲ್ಲ. ಒಡವೆಯ ಮೈಮೇಲಿನ ಸುತ್ತಿಗೆಯ ಗುರುತು, ತಂತಿಯನ್ನು ಬಡಿದು ಮಾಡಿದರೋ ತೂತಿನ ಅಚ್ಚಿನಲ್ಲಿ ಎಳೆದರೋ ಎಂಬ ಲಕ್ಷಣ, ಚಿನ್ನದಲ್ಲಿ ಬೆರೆತ ಬೆಳ್ಳಿಯ ಪ್ರಮಾಣ, ಇವು ಅದರ ಕೆಲಸಗಾರಿಕೆಯನ್ನೂ ಮೂಲವನ್ನೂ ಕುರಿತು ಸುಳಿವು ಕೊಡುತ್ತವೆ. ಖಚಿತವಾದ ವರ್ಷವನ್ನು ಕೊಡುವುದಿಲ್ಲ. ಒಡವೆ ಬಿದ್ದಿದ್ದ ಪದರದ ಇದ್ದಲು, ಬಳಿಯಲ್ಲಿದ್ದ ಮಡಕೆಯ ಚೂರು, ನೆಲಮಟ್ಟದಿಂದ ಇದ್ದ ಆಳ, ಇವೇ ಮುಖ್ಯ ಸಾಕ್ಷಿಗಳು. ಮೇಲಿನಿಂದ ಯಾರಾದರೂ ಗುಂಡಿ ತೋಡಿದ್ದರೆ ಹೊಸ ಒಡವೆಯೂ ಹಳೆಯ ಪದರಕ್ಕೆ ಇಳಿದಿರಬಹುದು. ಅದನ್ನು ಕಂಡುಹಿಡಿಯಲು ಸಹ ಕಲಕದ ಮಣ್ಣೇ ಬೇಕು.

ಇನ್ನೊಂದು ಪ್ರಶ್ನೆಯೂ ಇದೆ. ಹಟ್ಟಿಯ ಹಳೆಯ ಗಣಿಗಳಲ್ಲಿ ದೊರೆತ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷದವೆಂದು ಇಂಗಾಲದ ಪರೀಕ್ಷೆಯಿಂದ ತಿಳಿದಿದೆ. ತೆಕ್ಕಲಕೋಟೆಯ ಒಡವೆಯಾದರೋ ಅವುಗಳಿಗಿಂತ ಸಾವಿರದೈನೂರು ವರ್ಷ ಹಿರಿಯದು. ಆ ಚಿನ್ನವು ಹೊಳೆಯ ಮರಳಿನಿಂದ ಬಂದಿತೋ, ಬಂಡೆಯಿಂದಲೋ? ಈ ನಡುವಣ ಚರಿತ್ರೆಯನ್ನು ತುಂಬಬೇಕಾದುದು ಇನ್ನು ಮುಂದೆ ಸಿಗುವ ಒಂದೊಂದು ಗುಲಗಂಜಿ ತೂಕದ ಚಿನ್ನವೇ. ಅದನ್ನು ಕರಗಿಸಿದವನು ನಾಡಿನ ಚರಿತ್ರೆಯ ಒಂದು ಪುಟವನ್ನೇ ಸುಟ್ಟಂತೆ.

ನಿಧಿ ನಿಕ್ಷೇಪಗಳನ್ನು ಕುರಿತ 1962ರ ಕರ್ನಾಟಕದ ಕಾಯಿದೆಯ ಮೇರೆಗೆ ಸಿಕ್ಕ ವಸ್ತುವನ್ನು ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಆದರೆ ಬಡವನ ಮನಸ್ಸನ್ನು ಭಯವೊಂದೇ ತಿರುಗಿಸಲಾರದು. ಪರದೇಶೀ ಸರಕಾರವು 1878ರಲ್ಲಿ ಮಾಡಿದ ಕಾಯಿದೆಯಲ್ಲಿಯೂ, ನಿಧಿಯನ್ನು ಸರಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದಿತ್ತು. ಸ್ವತಂತ್ರ ನಾಡಿನ ಅಧಿಕಾರಿಗಳು ಅದಕ್ಕಿಂತ ಜಿಪುಣರಾಗುವುದು ಶೋಭಿಸದು. ವಸ್ತುವನ್ನು ತಂದವನನ್ನು ಕಳ್ಳನಂತೆ ಕಾಣದೆ, ತಡಮಾಡದೆ ಬಹುಮಾನ ಕೊಡಬೇಕು. ವಸ್ತುವಿನೊಡನೆ ಸ್ಥಳವನ್ನೂ ಕಾಪಾಡಬೇಕು. ಒಡವೆಯನ್ನು ಖಜಾನೆಗೆ ಕಳುಹಿಸಿ ಗುಂಡಿಯನ್ನು ಮುಚ್ಚಿಬಿಟ್ಟರೆ ಅರ್ಧ ಸಾಕ್ಷ್ಯವು ನಾಶವಾದಂತೆಯೇ.

ಪಾಯ ತೋಡಿಸುವ ಗೃಹಸ್ಥರಲ್ಲಿ ನಮ್ಮ ವಿನಂತಿಯು ಇಷ್ಟೆ: ಏನಾದರೂ ಸಿಕ್ಕೊಡನೆ ಗುದ್ದಲಿಯನ್ನು ನಿಲ್ಲಿಸಿರಿ. ಮಣ್ಣನ್ನು ಕೆದಕದೆ, ಒಡವೆಯನ್ನು ತೊಳೆಯದೆ, ತಾಲ್ಲೂಕು ಕಚೇರಿಗೆ ತಿಳಿಸಿರಿ. ಒರೆಗಲ್ಲು ಕಟ್ಟುವ ಬೆಲೆಯು ಪೇಟೆಯ ಧಾರಣೆಯೊಡನೆ ಏರಿಳಿಯುತ್ತದೆ. ಮಣ್ಣು ನುಡಿಯುವ ಸಾಕ್ಷ್ಯವು ಒಮ್ಮೆ ಕಲಕಿದರೆ ಮತ್ತೆ ಬಾರದು.