ಮೈದಾನ ಇಲ್ವಂತೆ, ಮರ ಇದೆಯಲ್ಲ ಸ್ವಾಮಿ!

ನಮ್ಮ ಸುಬ್ರಹ್ಮಣ್ಯಪುರದ ಕಡೆಯ ಕಾಲೇಜೊಂದರಲ್ಲಿ ಹುಡುಗರು ಆಡೋಕೆ ಕೇಳಿದ್ರೆ "ಜಾಗ ಎಲ್ರೀ ಇದೆ?" ಅಂತಾರೆ. ಅಲ್ರೀ, ಕಾರು ನಿಲ್ಲಿಸೋಕೆ ಮಾತ್ರ ಹೇಗೆ ಸಿಗುತ್ತೆ? ಇವರ ಲೆಕ್ಕದಲ್ಲಿ ಆಟ ಅಂದ್ರೆ ಕ್ರಿಕೆಟ್ ಒಂದೇ.

ಡಿಸ್ಕ್ ಗಾಲ್ಫ್ ಅಂತ ಒಂದಾಟ ಇದೆ. ಫ್ರಿಸ್ಬಿಯಂಥ ತಟ್ಟೆ ಎಸೆದು, ಸರಪಳಿ ಇಳಿಬಿಟ್ಟ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಈ ಬುಟ್ಟಿ 1970ರ ದಶಕದಲ್ಲಿ ಅಮೆರಿಕದ ಎಡ್ ಹೆಡ್ರಿಕ್ ಮಾಡಿದ್ದು. ಅಲ್ಲಿ ಎಷ್ಟೋ ಕಾಲೇಜುಗಳ ಆವರಣದಲ್ಲೇ ಇದನ್ನ ಆಡ್ತಾರೆ. ನೆಲ ಸಮ ಮಾಡಬೇಕಿಲ್ಲ, ಹುಲ್ಲು ಬೆಳೆಸಬೇಕಿಲ್ಲ. ಮರ ಕಡಿದರಂತೂ ಆಟವೇ ಕೆಟ್ಟಿತು! ಹೊಂಗೆ ಮರ ಬಳಸಿಕೊಂಡು ತಟ್ಟೆ ತಿರುಗೋದನ್ನ ನೋಡೋದೇ ಮಜಾ.

"60 ಮೀಟರಾ? ಮಕ್ಕಳಾಟ" ಅಂತ ಮೂಗು ಮುರಿಯೋರು ಎರಡು ಮರದ ನಡುವೆ ಎಸೆದು ತೋರಿಸಲಿ. ದೂರ ಕಡಿಮೆ ಇದ್ದಾಗ ತೋಳಿಗಿಂತ ಗುರಿ ಮುಖ್ಯ. ಗೋಲಿ ಆಡಿದವರಿಗೆ ಇದನ್ನ ಹೇಳಬೇಕೆ? ತಟ್ಟೆ ಬಡಿದ್ರೆ ಪೆಟ್ಟಾಗುತ್ತೆ, ನಿಜ. ಅದಕ್ಕೇ ಕ್ಲಾಸ್ ಬಿಟ್ಟ ಮೇಲೆ ಆಡಿಸಿ, ಎದುರಿಗೆ ಜನ ಇದ್ರೆ ಎಸೆಯೋದು ಬೇಡ.

ಇದೇ ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿ, 1876ರಲ್ಲಿ ಶುರುವಾದ ಗಾಲ್ಫ್ ಕ್ಲಬ್ಬಿಗೆ ಎಕರೆಗಟ್ಟಲೆ ಜಾಗ ಇದೆ. ಈ ಹುಡುಗರಿಗೆ ಬೇಕಿರೋದು ಒಂಬತ್ತು ಬುಟ್ಟಿ ನಿಲ್ಲಿಸೋಷ್ಟು. ಅದಕ್ಕೂ ಗೇಟಿಗೆ ಬೀಗ! ನಿಮ್ಮ ಏರಿಯಾದ ಕಾಲೇಜಲ್ಲೂ ಹೀಗೇನಾ?