ಯೋಜನಾಧಿಕಾರಿ ಯಾರ ಕಡೆ?

ಸಣ್ಣ ವ್ಯಾಪಾರಿಯೊಬ್ಬ ಮನೆಯ ಮುಂಭಾಗವನ್ನು ಅಂಗಡಿ ಮಾಡಿಕೊಳ್ಳಲು ಅರ್ಜಿ ಹಾಕುತ್ತಾನೆ. ಇಂದು ನಕ್ಷೆ ಸರಿಯಿಲ್ಲ, ನಾಳೆ ಕಂದಾಯದ ರಸೀತಿ ಬೇಕು, ನಾಡಿದ್ದು ಸಾಹೇಬರು ಊರಲ್ಲಿಲ್ಲ. ಅತ್ತ ಮುಚ್ಚಿದ ಗಿರಣಿಯ ಎಕರೆಗಟ್ಟಲೆ ಜಾಗವನ್ನು ನಿವೇಶನ ಮಾಡಿ ಮಾರಹೊರಟವನ ಕಡತಕ್ಕೆ ಮಾತ್ರ ಕಾಲು ಬರುತ್ತದೆ. ಎಲ್ಲವೂ ಸಾಹೇಬರ ಕೃಪೆ ಎಂದು ಜನ ನಿಟ್ಟುಸಿರು ಬಿಡುತ್ತಾರೆ. ಈ ಕೃಪೆಯ ಮಾತೇ ತಪ್ಪೆಂದು ನಾವು ಹೇಳುತ್ತೇವೆ.

ಯೋಜನಾಧಿಕಾರಿಯ ಕೆಲಸವೇನು? ಅರ್ಜಿಯನ್ನು ಊರಿನ ಯೋಜನೆಯೊಡನೆ ತಾಳೆ ನೋಡುವುದು, ಸ್ಥಳಕ್ಕೆ ಹೋಗಿ ತನಿಖೆ ಮಾಡುವುದು, ರಸ್ತೆ, ಚರಂಡಿ, ನೆರೆಮನೆಯ ಗಾಳಿ ಬೆಳಕುಗಳನ್ನು ಲೆಕ್ಕಕ್ಕೆ ತಂದು, ಕಾರಣ ಸಹಿತ ಅಭಿಪ್ರಾಯ ಬರೆಯುವುದು. ತೀರ್ಮಾನ ಪ್ರಾಧಿಕಾರದ್ದು ನಿಜ. ಆದರೆ ಅದು ನಿಲ್ಲುವುದು ಆ ಟಿಪ್ಪಣಿಯ ಮೇಲೆ.

ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 15ನೆಯ ಕಲಮು ಅರ್ಜಿಗೆ ಲಿಖಿತ ಸ್ವೀಕೃತಿ ಕೊಡತಕ್ಕದ್ದೆಂದು ಹೇಳುತ್ತದೆ. ಗಡುವಿನೊಳಗೆ ಉತ್ತರ ಬಾರದಿದ್ದರೆ, ಯೋಜನೆಗೆ ಒಪ್ಪುವ ಅರ್ಜಿಗೆ ಅನುಮತಿ ಸಿಕ್ಕಂತೆಯೇ ಎಂದೂ ಹೇಳುತ್ತದೆ. ಆ ಸ್ವೀಕೃತಿಯ ತಾರೀಖಿನಿಂದಲೇ ಗಡುವು ಓಡುತ್ತದೆ. ಬಡವನ ಕೈಗೆ ಆ ಚೀಟಿ ಯಾಕೆ ಬರುವುದಿಲ್ಲ ಎಂಬುದು ಈಗ ತಿಳಿಯಿತಲ್ಲವೇ?

ಇನ್ನು ಗಿರಣಿಯ ಜಾಗ. ಯೋಜನೆಯಲ್ಲಿ ಗುರುತಿಸಿದ ನೆಲಬಳಕೆಯ ಬದಲಾವಣೆ ಸಾಮಾನ್ಯವಾಗಿ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು. ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಸರ್ಕಾರದ ಒಪ್ಪಿಗೆಯೂ ಬೇಕು. ಇದು 14-ಎ ಕಲಮಿನ ಸಾಮಾನ್ಯ ನಿಯಮ. ಹಿತ ಯಾರದು? ನೆಲ ಒಮ್ಮೆ ನಿವೇಶನವಾಯಿತೆಂದರೆ ಅಲ್ಲಿ ಮತ್ತೆ ಕಾರ್ಖಾನೆ ಏಳುವ ಆಸೆ ಮುಗಿಯಿತು. ಲೈನ್ ಮನೆಗಳ ಸಂಸಾರಗಳು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ಟಿಪ್ಪಣಿಯಲ್ಲಿ ಬರೆಯಬೇಕಾದವರು ಅಧಿಕಾರಿ. ಬರೆಯುವಂತೆ ಮಾಡಬೇಕಾದವರು ನಾವು.

ಅಧಿಕಾರಿ ‘ಇಲ್ಲ’ ಎಂದ ಮಾತ್ರಕ್ಕೆ ಶತ್ರುವಲ್ಲ. ರಾಜಕಾಲುವೆಯ ಮೇಲೆ ಗೋಡೆ ಎಬ್ಬಿಸುವವನು ನಮ್ಮವನೇ ಆದರೂ ತಡೆಯಲೇಬೇಕು. ಮಳೆ ಬಂದಾಗ ನೀರು ನುಗ್ಗುವುದು ಕೂಲಿಕಾರರ ಕೇರಿಗೇ. ಕಾರಣ ಬರೆದು ನಿರಾಕರಿಸುವ ಅಧಿಕಾರಿಗೆ ನಮ್ಮ ಬೆಂಬಲವುಂಟು. ಕಾರಣ ಹೇಳದೆ ಅಲೆದಾಡಿಸುವವರಿಗೆ ಇಲ್ಲ.

ನಮ್ಮ ಬೇಡಿಕೆ ಮೂರೇ. ಅರ್ಜಿ ಕೊಟ್ಟ ದಿನವೇ ತಾರೀಖು ಹಾಕಿದ ಸ್ವೀಕೃತಿ ಕೊಡಲಿ. ಕೊರತೆಗಳನ್ನೆಲ್ಲ ಒಂದೇ ಪತ್ರದಲ್ಲಿ ತಿಳಿಸಲಿ. ಕಡತಗಳ ಸರದಿ ಪಟ್ಟಿಯನ್ನು ಕಛೇರಿಯ ಗೋಡೆಗೆ ಹಚ್ಚಲಿ. ಇದಕ್ಕೆ ಹೊಸ ಕಾಸೂ ಬೇಡ, ಹೊಸ ಕಾನೂನೂ ಬೇಡ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ನಿಮ್ಮ ಸಂಘದಲ್ಲಿ ಒಬ್ಬರನ್ನು ದಿನವೂ ಪತ್ರಿಕೆಯ ಪ್ರಕಟಣೆ ಓದಲು ನೇಮಿಸಿರಿ. 2005ರ ಮಾಹಿತಿ ಹಕ್ಕಿನಡಿ ಟಿಪ್ಪಣಿಯ ನಕಲು ಕೇಳಿರಿ. ಹದಿನೈದು ದಿನ ಸುಮ್ಮನಿದ್ದವರು ಹದಿನಾರನೆಯ ದಿನ ಕೂಗಿದರೆ ಕೇಳುವವರು ಯಾರು?