ಹನಿ ಕೇಕಿನ ಲೆಕ್ಕದಲ್ಲಿ ಬಿಟ್ಟುಹೋದ ಸಾಲು



ಕಳೆದ ತಿಂಗಳು ಇದೇ ಪುಟದಲ್ಲಿ ಪೇಸ್ಲಿಪ್ಪಿನ ಟ್ಯಾಕ್ಸ್ ಕೋಡ್ ಬಗ್ಗೆ ಬರೆದಿದ್ದೆವು. ಓದಿದ ಕೆಲವರು ಫೋನ್ ಮಾಡಿದರು. ಅವರಲ್ಲಿ ಇಬ್ಬರು ಕೇಳಿದ್ದು ಮಾತ್ರ ಬೇರೆಯೇ ಪ್ರಶ್ನೆ: "ಸಾರ್, ಮನೇಲಿ ಕೇಕ್ ಮಾಡಿ ಮಾರಬಹುದಾ? ಅದರಲ್ಲಿ ಏನಾದ್ರೂ ಉಳಿಯುತ್ತಾ?" ಒಬ್ಬರು ಮಕ್ಕಳ ಶಾಲೆಯ ಸಮಯಕ್ಕೆ ಹೊಂದುವ ಕೆಲಸ ಸಿಗದೆ ಮನೆಯಲ್ಲಿರುವವರು. ಇನ್ನೊಬ್ಬರು ಗಂಡನ ವೀಸಾದ ಮೇಲೆ ಬಂದು ಇನ್ನೂ ಆರು ತಿಂಗಳಾಗಿಲ್ಲ. ಡಿಸೆಂಬರ್ ಬಂತು, ಎಲ್ಲರ ಮನೆಯ ಓವನ್ನೂ ಬಿಸಿಯಾಗುವ ಕಾಲ. ಹಾಗಾಗಿ ಈ ತಿಂಗಳು ಕೇಕಿನ ಲೆಕ್ಕ.

ಉತ್ತರ ಕೊಡುವ ಮೊದಲು ನಮ್ಮ ಮನೆಯಲ್ಲೇ ಆದ ತಪ್ಪನ್ನು ಹೇಳಿಬಿಡುತ್ತೇವೆ. ತಪ್ಪು ಮಾಡಿದವರು ಬಿ.ಕಾಂ. ಓದಿ ಇಪ್ಪತ್ತು ವರ್ಷ ಲೆಕ್ಕ ಬರೆದವರು, ಅಂದರೆ ನಾವೇ.

ನಮ್ಮನೆಯವರ ತವರು ಹಾಸನ. ಅಯ್ಯಂಗಾರ್ ಬೇಕರಿಗಳ ತವರೂ ಆ ಕಡೆಯೇ. ಹನಿ ಕೇಕ್ ಎಂದರೆ ಏನೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ: ಕೆಳಗೆ ಪಾಕ ಕುಡಿದ ಮೆತ್ತನೆ ಸ್ಪಂಜು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ತುರಿ. ಈ ದೇಶದಲ್ಲಿ ನೂರು ತರಹದ ಕೇಕ್ ಸಿಗುತ್ತದೆ, ಇದೊಂದು ಸಿಗುವುದಿಲ್ಲ. ದೀಪಾವಳಿ ಕೂಟಕ್ಕೆ ಒಂದು ಟ್ರೇ ಮಾಡಿಕೊಂಡು ಹೋದೆವು. ಹತ್ತು ನಿಮಿಷದಲ್ಲಿ ಟ್ರೇ ಖಾಲಿ. "ನಮಗೂ ಒಂದು ಮಾಡಿಕೊಡಿ, ದುಡ್ಡು ಕೊಡ್ತೀವಿ" ಎಂದು ಅಲ್ಲೇ ನಾಲ್ಕು ಮನೆಯವರು ಹೇಳಿದರು.

ಊರಲ್ಲಿ ನಮ್ಮನೆಯವರು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದರು. ಇಲ್ಲಿಗೆ ಬಂದ ಮೇಲೆ ಅವರ ಹೆಸರಿನಲ್ಲಿ ಸಂಪಾದನೆ ಎಂಬುದು ಇರಲಿಲ್ಲ. ಅವರ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು. ಅದಕ್ಕೆ ಸ್ವಲ್ಪವಾದರೂ ತಮ್ಮ ದುಡ್ಡು ಕಳಿಸಬೇಕೆಂದು ಅವರ ಆಸೆ. ಒಂದು ಬಿಸ್ಕತ್ತಿನ ಡಬ್ಬ ಖಾಲಿ ಮಾಡಿ, ಅದನ್ನೇ ಕೇಕಿನ ಗಲ್ಲಾಪೆಟ್ಟಿಗೆ ಮಾಡಿಕೊಂಡರು.

ಮೊದಲು ಅಡುಗೆಯ ಮಾತು. ಹೊಸದಾಗಿ ಬಂದವರು ಇಲ್ಲಿನ ಅಂಗಡಿಯಲ್ಲಿ ಎಡವುವುದು ಹಿಟ್ಟಿನಲ್ಲೇ. ನಮ್ಮ ಮೈದಾಕ್ಕೆ ಹತ್ತಿರದ್ದು 'ಪ್ಲೇನ್ ಫ್ಲೋರ್'. ಪಕ್ಕದಲ್ಲೇ ಇರುವ 'ಸೆಲ್ಫ್ ರೈಸಿಂಗ್' ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆತಿರುತ್ತದೆ. ಅದು ಗೊತ್ತಿಲ್ಲದೆ ನಾವು ಒಮ್ಮೆ ಮತ್ತೆ ಪೌಡರ್ ಹಾಕಿದೆವು. ಕೇಕು ಬುಸುಬುಸು ಉಬ್ಬಿ, ಟ್ರೇ ದಾಟಿ, ಕೊನೆಗೆ ನಡುವೆ ಕುಸಿದು ಹಳ್ಳವಾಯಿತು. ಎರಡನೆಯದು ಓವನ್. ಫ್ಯಾನ್ ಇರುವ ಓವನ್ನಿಗೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಬೇಕು. ಇದನ್ನು ಮರೆತ ದಿನ ಒಂದು ಟ್ರೇ ಮೇಲೆ ಸುಟ್ಟು ಒಳಗೆ ಹಸಿಯಾಗಿತ್ತು. ಮೂರನೆಯದು ಅಳತೆ. ಲೋಟದ ಅಳತೆ ಬಿಡಿ, ಹತ್ತು ಹನ್ನೆರಡು ಪೌಂಡಿಗೆ ಸಿಗುವ ತಕ್ಕಡಿ ತಗೊಳ್ಳಿ. ಗ್ರಾಂ ಲೆಕ್ಕದಲ್ಲಿ ಮಾಡಿದರೆ ರುಚಿಯೂ ಪ್ರತಿ ಸಲ ಒಂದೇ, ಖರ್ಚೂ ಪ್ರತಿ ಸಲ ಒಂದೇ.

9 ಇಂಚಿನ ಚೌಕ ಟ್ರೇಗೆ ನಮ್ಮನೆಯವರ ಅಳತೆ ಹೀಗಿದೆ. ಬೆಣ್ಣೆ 150 ಗ್ರಾಂ, ಸಕ್ಕರೆ 200 ಗ್ರಾಂ ಸೇರಿಸಿ ಬಿಳುಪಾಗುವ ತನಕ ನಾದಬೇಕು. 4 ಮೊಟ್ಟೆ ಒಂದೊಂದಾಗಿ ಹಾಕಬೇಕು. ಜರಡಿ ಹಿಡಿದ ಮೈದಾ 200 ಗ್ರಾಂ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಮೂರು ನಾಲ್ಕು ಚಮಚ ಹಾಲು, ಸ್ವಲ್ಪ ವೆನಿಲಾ. ಹಿಟ್ಟು ಬಿದ್ದ ಮೇಲೆ ಜಾಸ್ತಿ ತಿರುವಬಾರದು, ಕೇಕು ಗಟ್ಟಿಯಾಗುತ್ತದೆ. ಫ್ಯಾನ್ ಓವನ್ನಿನಲ್ಲಿ 160 ಡಿಗ್ರಿಗೆ 30ರಿಂದ 35 ನಿಮಿಷ. 100 ಗ್ರಾಂ ಸಕ್ಕರೆ, 150 ಎಂ.ಎಲ್. ನೀರು ಕುದಿಸಿ, ಒಲೆ ಆರಿಸಿದ ಮೇಲೆ 100 ಗ್ರಾಂ ಜೇನು ಸೇರಿಸಬೇಕು. ಕೇಕು ಉಗುರುಬೆಚ್ಚಗಿರುವಾಗ ಕಡ್ಡಿಯಿಂದ ಚುಚ್ಚಿ, ಈ ಪಾಕವನ್ನು ಚಮಚ ಚಮಚವಾಗಿ ಕುಡಿಸಬೇಕು. ಒಟ್ಟಿಗೆ ಸುರಿದರೆ ತಳ ಮುದ್ದೆಯಾಗುತ್ತದೆ. ಮೇಲೆ ಬಿಸಿ ಮಾಡಿದ ಜಾಮು 150 ಗ್ರಾಂ, ಕೊಬ್ಬರಿ 50 ಗ್ರಾಂ.

ಮೊಟ್ಟೆ ತಿನ್ನದವರಿಗೆ ಮೊಸರು, ಅಡುಗೆ ಸೋಡಾ ಹಾಕಿ ಮಾಡುತ್ತಾರೆ. ಆದರೆ ಮೊಸರಿಗೆ ಸೋಡಾ ಬಿದ್ದ ಕ್ಷಣದಿಂದ ಗುಳ್ಳೆ ಏಳಲು ಶುರುವಾಗುತ್ತದೆ. ಕಲಸಿಟ್ಟು ಫೋನಿನಲ್ಲಿ ಮಾತಾಡುತ್ತ ಕೂತರೆ ಗುಳ್ಳೆಯೆಲ್ಲ ಹೋಗಿ ಕೇಕು ರೊಟ್ಟಿಯಾಗುತ್ತದೆ. ಓವನ್ ಬಿಸಿಯಾದ ಮೇಲೆಯೇ ಕಲಸಿ.

ಈಗ ಲೆಕ್ಕ. ನಮ್ಮನೆಯವರು ಒಂದು ಟ್ರೇಗೆ 10 ಪೌಂಡ್ ಇಟ್ಟರು. ಸಾಮಾನಿನ ಬಿಲ್ ನೋಡಿ ನಾವು ಗ್ರಾಂ ಪ್ರಕಾರ ಹಾಕಿದೆವು: ಹಿಟ್ಟು 11 ಪೆನ್ಸ್, ಸಕ್ಕರೆ 33, ಬೆಣ್ಣೆ 1.20 ಪೌಂಡ್, ಮೊಟ್ಟೆ 1 ಪೌಂಡ್, ಜೇನು 50 ಪೆನ್ಸ್, ಜಾಮು 50, ಕೊಬ್ಬರಿ 35, ಹಾಲು ವೆನಿಲಾ ಪೌಡರ್ ಸೇರಿ 26. ಒಟ್ಟು 4.25 ಪೌಂಡ್. "ಟ್ರೇಗೆ 5.75 ಉಳಿತಾಯ! ಇಪ್ಪತ್ತು ಟ್ರೇಗೆ 115 ಪೌಂಡ್!" ಎಂದು ಎದೆಯುಬ್ಬಿಸಿ ಹೇಳಿದೆವು. ಅವರು ಆ ಲೆಕ್ಕ ನಂಬಿ ಅಮ್ಮನಿಗೆ ಫೋನಿನಲ್ಲಿ ಹೇಳಿಯೂಬಿಟ್ಟರು.

ಇಪ್ಪತ್ತು ಟ್ರೇ ಮಾರಿದ ಮೇಲೆ ಡಬ್ಬ ತೆಗೆದು ಎಣಿಸಿದರೆ 95.75 ಪೌಂಡ್.

"ರೀ, ನಿಮ್ಮ ಲೆಕ್ಕದಲ್ಲಿ 19 ಪೌಂಡ್ ಚಿಲ್ಲರೆ ಎಲ್ಲಿ ಹೋಯ್ತು?"

ಕೂತು ನೋಡಿದೆವು. ಡಬ್ಬಿ ಮತ್ತು ಲೇಬಲ್ಲಿಗೆ ಟ್ರೇಗೆ 75 ಪೆನ್ಸ್‌ನಂತೆ 15 ಪೌಂಡ್. ಸುಟ್ಟುಹೋದ ಇಪ್ಪತ್ತೊಂದನೆಯ ಟ್ರೇ 4.25. ಸರಿಯಾಗಿ 19.25. ಅಲ್ಲಿಗೆ ನಿಲ್ಲಲಿಲ್ಲ. ಮನೆ ಮನೆಗೆ ತಲುಪಿಸಲು ಪೆಟ್ರೋಲ್ 18 ಪೌಂಡ್, ಅದು ನಮ್ಮ ಕಾರ್ಡಿನಲ್ಲಿ ಹೋಗಿತ್ತು. ಕರೆಂಟು ಟ್ರೇಗೆ ಒಂದು ಯೂನಿಟ್, 27 ಪೆನ್ಸ್. 21 ಟ್ರೇಗೆ 5.67. ಮಿಕ್ಸರ್, ಟ್ರೇಗಳ ಸವೆತಕ್ಕೆ 30 ಪೆನ್ಸ್‌ನಂತೆ 6.30. ಎಲ್ಲ ಕಳೆದರೆ ಉಳಿದದ್ದು 65.78. ಎಲ್ಲರೂ ಹೆದರುವುದು ಕರೆಂಟ್ ಬಿಲ್ಲಿಗೆ. ನೋಡಿ, ಇಲ್ಲಿ ಅದು ಪೆಟ್ರೋಲಿಗಿಂತ ಎಷ್ಟೋ ಚಿಕ್ಕದು.

ಹಾಳೆಯನ್ನು ಅವರ ಮುಂದೆ ಇಟ್ಟೆವು. ಅವರು ಮೇಲಿಂದ ಕೆಳಗೆ ಓದಿ ಒಂದೇ ಮಾತು ಕೇಳಿದರು:

"ನಾನು ಎಲ್ಲಿದ್ದೀನಿ ಇದರಲ್ಲಿ?"

ಅರ್ಥವಾಗಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಹಿಟ್ಟಿಗೆ 11 ಪೆನ್ಸ್ ಬರೆದಿದ್ದೆವು, ಸವೆದ ಮಿಕ್ಸರಿಗೆ 30 ಪೆನ್ಸ್ ಬರೆದಿದ್ದೆವು. ಕೈಗೆ ಒಂದು ಸಾಲೂ ಇರಲಿಲ್ಲ. "ನಿಮ್ಮ ಆಫೀಸಲ್ಲಿ ಯಾರ ಸಂಬಳದ ಕಾಲಮ್ಮಿಗಾದ್ರೂ ಸೊನ್ನೆ ಹಾಕ್ತೀರಾ?" ಎಂದರು. ನಮ್ಮ ಬಳಿ ಉತ್ತರ ಇರಲಿಲ್ಲ.

ಒಂದು ಟ್ರೇಗೆ ಕಲಸುವುದು, ಪಾಕ ಕುಡಿಸುವುದು, ಪಾತ್ರೆ ತೊಳೆಯುವುದು, ಪ್ಯಾಕ್ ಮಾಡುವುದು ಸೇರಿ ಒಂದೂವರೆ ಗಂಟೆ. ಓವನ್ನಿನಲ್ಲಿ ಬೇಯುವ ಹೊತ್ತು ಬಿಟ್ಟು. 21 ಟ್ರೇಗೆ ಮೂವತ್ತೊಂದೂವರೆ ಗಂಟೆ. 65.78ನ್ನು ಅದರಿಂದ ಭಾಗಿಸಿದರೆ ಗಂಟೆಗೆ 2.09 ಪೌಂಡ್. 2025ರ ಏಪ್ರಿಲ್‌ನಿಂದ ಈ ದೇಶದಲ್ಲಿ 21 ವರ್ಷ ತುಂಬಿದ ಕೆಲಸಗಾರರಿಗೆ ಕೊಡಲೇಬೇಕಾಗಿದ್ದ ಕನಿಷ್ಠ ಕೂಲಿ 12.21 ಆಗಿತ್ತು. ಸ್ವಂತ ಕಸುಬಿಗೆ ಆ ಕಾನೂನು ಅನ್ವಯಿಸುವುದಿಲ್ಲ ನಿಜ. ಆದರೆ ಅಳೆಯಲು ಒಂದು ಗೋಲು ಬೇಕಲ್ಲ.

ಬಂಧುಗಳೇ, ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಚಕ್ಕುಲಿ, ಹೋಳಿಗೆ, ಕೇಕು, ಮನೆಯಲ್ಲಿ ಹೆಂಗಸರು ಮಾಡುವ ಯಾವುದಕ್ಕೂ ನಾವು "ಸಾಮಾನಿಗೆ ಎಷ್ಟಾಯ್ತು?" ಎಂದಷ್ಟೇ ಕೇಳುತ್ತೇವೆ. "ನಮ್ಮೋರೇ ಅಲ್ವಾ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಎನ್ನುವಾಗ ಬೆಣ್ಣೆಯ ರೇಟು ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಆ ಕೈಯ ಕೂಲಿ ಒಂದೇ. ಪ್ರೀತಿಯಿಂದ ಕೊಡುವುದು ಬೇರೆ, ಅದಕ್ಕೆ ಲೆಕ್ಕ ಬೇಡ. ದುಡ್ಡಿಗೆ ಕೊಡುವುದಾದರೆ ಲೆಕ್ಕ ಪೂರ್ತಿ ಇರಲಿ.

ಆಮೇಲೆ ನಮ್ಮನೆಯವರೇ ಕ್ರಮ ಬದಲಿಸಿದರು. ಒಂದು ಟ್ರೇಗೆ ಆರ್ಡರ್ ಬಂದರೆ ಒಲೆ ಹಚ್ಚುವುದಿಲ್ಲ. ಎರಡಾದರೆ ಮಾತ್ರ, ಶನಿವಾರ ಬೆಳಿಗ್ಗೆ. ಎರಡಕ್ಕೂ ಒಂದೇ ಸಲ ಕಲಸು, ಒಂದೇ ಸಲ ತೊಳೆ. ಮೂರು ಗಂಟೆಯ ಕೆಲಸ ಎರಡು ಗಂಟೆಗೆ ಇಳಿಯಿತು. ಕೇಕು ಬೇಕಾದವರು ಮನೆಗೆ ಬಂದು ತಗೊಂಡು ಹೋಗಬೇಕು. ಹಾಳಾಗುವುದಕ್ಕೂ ಸವೆತಕ್ಕೂ ಸೇರಿಸಿ ಟ್ರೇಯ ಖರ್ಚು 5.70. ಬೆಲೆ 16 ಪೌಂಡ್.

ಕೆಲವರು ಮುಖ ಸಣ್ಣ ಮಾಡಿದರು, ಕೆಲವರು ಮತ್ತೆ ಕೇಳಲಿಲ್ಲ. ಏಳು ಶನಿವಾರದಲ್ಲಿ ಹೋದದ್ದು 14 ಟ್ರೇ. ಬಂದದ್ದು 224, ಖರ್ಚು 79.80, ಉಳಿದದ್ದು 144.20. ಹದಿನಾಲ್ಕು ಗಂಟೆಗೆ ಭಾಗಿಸಿದರೆ ಗಂಟೆಗೆ 10.30. ಕನಿಷ್ಠ ಕೂಲಿ ಇನ್ನೂ ಮುಟ್ಟಿಲ್ಲ. ಆದರೆ ಆರು ಟ್ರೇ ಕಡಿಮೆ ಮಾರಿ, ಅರ್ಧಕ್ಕಿಂತ ಕಡಿಮೆ ಹೊತ್ತು ದುಡಿದು, ಮೊದಲಿಗಿಂತ ಎರಡು ಪಟ್ಟು ಮೀರಿ ಉಳಿಯಿತು. ಆ ಹಣ ಅವರ ಹೆಸರಿನಲ್ಲೇ ಹಾಸನಕ್ಕೆ ಹೋಯಿತು.

ಇನ್ನು ಕಾನೂನಿನ ಮಾತು, ಚುಟುಕಾಗಿ.

ವೀಸಾ ಮೊದಲು. ಸ್ಕಿಲ್ಡ್ ವರ್ಕರ್ ವೀಸಾದವರ ಅವಲಂಬಿತರು ಸ್ವಂತ ಕಸುಬು ಮಾಡಬಹುದು. ಸ್ಟೂಡೆಂಟ್ ವೀಸಾದವರು ಮಾಡುವಂತಿಲ್ಲ. ಸ್ಕಿಲ್ಡ್ ವರ್ಕರ್ ವೀಸಾ ನಿಮ್ಮ ಹೆಸರಿನಲ್ಲೇ ಇದ್ದರೆ ಅದು ಆ ಕೆಲಸಕ್ಕೆ ಕಟ್ಟಿದ ಪರವಾನಗಿ. ಷರತ್ತು ಓದದೆ, ತಿಳಿದವರನ್ನು ಕೇಳದೆ ಒಂದು ಟ್ರೇಯನ್ನೂ ಮಾರಬೇಡಿ. ಕೇಕಿನ ಆಸೆಗೆ ವೀಸಾ ಕಳಕೊಳ್ಳಬಾರದು.

ಎರಡನೆಯದು ಕೌನ್ಸಿಲ್. ಮಾರಲು ಶುರು ಮಾಡುವ 28 ದಿನ ಮೊದಲೇ ನಿಮ್ಮ ಸ್ಥಳೀಯ ಕೌನ್ಸಿಲ್‌ನಲ್ಲಿ ಆಹಾರದ ಕಸುಬು ಎಂದು ರಿಜಿಸ್ಟರ್ ಮಾಡಿಸಬೇಕು. ಫೀಸಿಲ್ಲ, ಅವರು ನಿರಾಕರಿಸುವಂತೆಯೂ ಇಲ್ಲ. ಅಧಿಕಾರಿ ಬಂದು ಅಡುಗೆಮನೆ ನೋಡುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ನಾವು ಇದೆಲ್ಲ ಮೊದಲೇ ಸರಿಯಾಗಿ ಮಾಡಿದ್ದೆವು. ಕಾಗದ ಎಲ್ಲ ಸರಿ, ಕೂಲಿ ಮಾತ್ರ ಸೊನ್ನೆ!

ಮೂರನೆಯದು ಅಲರ್ಜಿ. ಕಾನೂನು ಪಟ್ಟಿ ಮಾಡಿದ 14 ಪದಾರ್ಥಗಳಲ್ಲಿ ಗೋಧಿ, ಮೊಟ್ಟೆ, ಹಾಲು ಮೂರೂ ನಮ್ಮ ಹನಿ ಕೇಕಿನಲ್ಲಿವೆ. ಫೋನಿನಲ್ಲಿ ಆರ್ಡರ್ ತಗೊಳ್ಳುವಾಗಲೂ ಹೇಳಿ, ಕೊಡುವಾಗ ಡಬ್ಬಿಯ ಮೇಲೂ ಬರೆಯಿರಿ. ಗೋಡಂಬಿ ಹಾಕಿದರೆ ಅದನ್ನೂ. ಇದು ಜೀವದ ಪ್ರಶ್ನೆ, ಸಂಕೋಚ ಬೇಡ.

ನಾಲ್ಕನೆಯದು ತೆರಿಗೆ. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರ ತನಕ ಇಂಥ ಕಸುಬಿನ ಒಟ್ಟು ವಸೂಲಿ 1,000 ಪೌಂಡ್ ಒಳಗಿದ್ದರೆ ಸಾಮಾನ್ಯವಾಗಿ ತಿಳಿಸಬೇಕಾಗಿಲ್ಲ. ಗಮನಿಸಿ, ಇದು ಲಾಭವಲ್ಲ, ವಸೂಲಿ. ದಾಟಿದರೆ ಸೆಲ್ಫ್ ಅಸೆಸ್‌ಮೆಂಟಿಗೆ ಹೆಸರು ಕೊಡಬೇಕು. ವ್ಯಾಟ್ ಚಿಂತೆ ಬೇಡ, ಅದರ ಮಿತಿ 90,000 ಪೌಂಡ್. ಆದರೂ ಒಂದು ಸ್ವಾರಸ್ಯ ಹೇಳುತ್ತೇವೆ. ಇಲ್ಲಿ ಕೇಕಿಗೆ ವ್ಯಾಟ್ ಸೊನ್ನೆ, ಚಾಕೊಲೇಟ್ ಹೊದಿಸಿದ ಬಿಸ್ಕತ್ತಿಗೆ 20 ಪರ್ಸೆಂಟ್. ಜಾಫಾ ಕೇಕ್ ಕೇಕೋ ಬಿಸ್ಕತ್ತೋ ಎಂದು 1991ರಲ್ಲಿ ಟ್ರಿಬ್ಯೂನಲ್ ತನಕ ಜಗಳ ಹೋಯಿತು. ಹಳತಾದರೆ ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಗಟ್ಟಿಯಾಗುತ್ತದೆ, ಜಾಫಾ ಗಟ್ಟಿಯಾಗುತ್ತದೆ. ಇಂಥ ಹಲವು ಅಂಶ ತೂಗಿ ನೋಡಿ ಅದು ಕೇಕೇ ಎಂದು ತೀರ್ಮಾನವಾಯಿತು. ಒಂದು ಬಿಲ್ಲೆಗೆ ಅಷ್ಟು ಲೆಕ್ಕ ನೋಡುವ ದೇಶದಲ್ಲಿ ನಾವು ನಮ್ಮ ಮನೆಯವರ ಗಂಟೆಗಳನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಫೋನ್ ಮಾಡಿದ ಇಬ್ಬರಿಗೂ ಉತ್ತರ ಇಷ್ಟೇ: ವೀಸಾ ಬಿಟ್ಟರೆ ಮಾಡಬಹುದು, ಉಳಿಯುತ್ತದೆ. ಮೊದಲ ದಿನವೇ ಒಂದು ನೋಟ್ ಬುಕ್ ತಗೊಂಡು, ಮೊದಲ ಸಾಲಿನಲ್ಲಿ ಹಿಟ್ಟನ್ನಲ್ಲ, ನಿಮ್ಮ ಗಂಟೆಗಳನ್ನು ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಜನವರಿ 31ರೊಳಗೆ ಕೊಡಬೇಕಾದ ಟ್ಯಾಕ್ಸ್ ರಿಟರ್ನ್ ಬಗ್ಗೆ ಬರೆಯುತ್ತೇವೆ. ಈ ಪುಟವನ್ನು ಕಳಿಸುವ ಮುಂಚೆ ನಮ್ಮನೆಯವರಿಗೆ ಓದಲು ಕೊಟ್ಟೆವು. ಓದಿ ಮುಗಿಸಿ, "ಎಲ್ಲಾ ಸರಿಯಾಗಿದೆ. ಇದನ್ನು ಬರೆಯೋಕೆ ನಿಮಗೆಷ್ಟು ಗಂಟೆ ಹಿಡೀತು? ಪತ್ರಿಕೆಯವರು ಎಷ್ಟು ಕೊಡ್ತಾರೆ?" ಎಂದು ಕೇಳಿದರು.

ಐದು ಗಂಟೆ. ಸೊನ್ನೆ. ಹಾಗಂದಾಗ ಅವರು ನಕ್ಕು, ಟ್ರೇಯ ಅಂಚಿನ ಒಂದು ತುಂಡು ಹನಿ ಕೇಕ್ ತಟ್ಟೆಗೆ ಹಾಕಿಕೊಟ್ಟರು.